ಪಹಣಿಯ ಕಾಲಮ್ಮಿನಲ್ಲಿ ಪರ್ಷಿಯಾ

ಹಾಜರು, ಹುಜೂರು, ಮಹಜರು– ಈ ಮೂರೂ ಒಂದೇ ತಾಯಿಯ ಮಕ್ಕಳೆಂದು ಗೊತ್ತಾದ ದಿನ ನಾನು ಊಟದ ಬಿಡುವಿನಲ್ಲಿ ಇಡೀ ಕಚೇರಿಗೆ ಅದನ್ನು ಹೇಳಿಕೊಂಡು ತಿರುಗಿದ್ದೆ. ‘ಎದುರಿಗಿರುವುದು’ ಎಂಬರ್ಥದ ಒಂದು ಧಾತು ಅರಬ್ಬಿಯಲ್ಲಿದೆ. ಎದುರಿಗೆ ಬಂದು ನಿಂತವನು ಹಾಜರು. ಯಾರೆದುರು ನಿಲ್ಲಬೇಕೋ ಅವರು ಹುಜೂರು. ನಾಲ್ಕು ಜನರೆದುರು ನಡೆಸಿ ಬರೆದದ್ದು ಮಹಜರು. ‘ಪಂಚರ ಸಮಕ್ಷಮ’ ಎಂದು ಎಷ್ಟೋ ಮಹಜರುಗಳಲ್ಲಿ ಬರೆದ ಕೈ ನನ್ನದು. ಆ ‘ಸಮಕ್ಷಮ’ ಮಹಜರಿನ ಹೊಟ್ಟೆಯೊಳಗೇ ಕುಳಿತಿತ್ತು ಎಂದರೆ ಖುಷಿಯಾಗದೆ ಇರುತ್ತದೆಯೇ? ಪಕ್ಕದ ಮೇಜಿನವರು ಮಾತ್ರ ತಲೆ ಎತ್ತದೆ ಕೇಳಿದರು: “ಇದ್ರಿಂದ ಫೈಲು ಮುಂದ ಸರೀತದೇನ್ರಿ ಅಕ್ಕಾರ?”

ಕೇಳಬೇಕಾದ ಪ್ರಶ್ನೆಯೇ. ಧಾರವಾಡ ಸೀಮೆಯ ತಾಲ್ಲೂಕು ಕಚೇರಿಗಳಲ್ಲಿ ಗುಮಾಸ್ತೆಯಾಗಿದ್ದು ನಿವೃತ್ತಳಾದವಳು ನಾನು. (ಗುಮಾಸ್ತ ಎಂದರೆ ಪರ್ಷಿಯನ್‌ನಲ್ಲಿ ‘ನೇಮಕಗೊಂಡವನು’. ನೇಮಕವಷ್ಟೇ, ಬಡ್ತಿಯ ಮಾತು ಅದರಲ್ಲಿಲ್ಲ!) ಇಷ್ಟು ವರ್ಷದ ಮೇಲೆ ನನ್ನ ಉತ್ತರ ಇದು: ಫೈಲು ಸರಿಯಲಿಕ್ಕಿಲ್ಲ, ಫೈಲಿನ ಬಗೆಗಿನ ಅಂಜಿಕೆ ಸರಿಯುತ್ತದೆ. ಭಾಷೆಯ ಹೆಸರಿನಲ್ಲಿ ನಾವು ಆಡುವ ಕೆಲವು ಒಣಜಗಳಗಳೂ ಸರಿಯುತ್ತವೆ.

ಒಂದು ಪಹಣಿ ಹಿಡಿದು ನೋಡಿ. ಈಗ ಅದು ಮೊಬೈಲಿನಲ್ಲೇ ಸಿಗುತ್ತದೆ, ಒಳಗಿನ ಮಾತುಗಳು ಹಳೆಯವೇ. ‘ಪಹಣಿ’ ಮರಾಠಿಯ ‘ನೋಡುವುದು’ ಎಂಬ ಕ್ರಿಯೆಯಿಂದ ಬಂದದ್ದು. ಹೊಲಕ್ಕೆ ಹೋಗಿ ಕಣ್ಣಾರೆ ಕಂಡು ಬರೆಯಬೇಕು ಎಂಬ ಕರಾರು ಹೆಸರಿನಲ್ಲೇ ಇದೆ. ಖುಷ್ಕಿ, ತರಿ, ಬಾಗಾಯ್ತು ಮೂರೂ ಪರ್ಷಿಯನ್ ಮೂಲದವು: ಒಣಗಿದ್ದು, ತೇವದ್ದು, ತೋಟದ್ದು. ‘ಹಕ್ಕು’ ಅರಬ್ಬಿಯದು, ಅಲ್ಲಿ ಅದಕ್ಕೆ ‘ಸತ್ಯ’ ಎಂಬ ಅರ್ಥವೂ ಇದೆ. ‘ಋಣ’ ಸಂಸ್ಕೃತ. ‘ಎಕರೆ’ ಇಂಗ್ಲಿಷರ ಜೊತೆ ಬಂತು. ಬಯಲು ಎಂಬರ್ಥದ ವೇದಕಾಲದ ಸಂಸ್ಕೃತದ ‘ಅಜ್ರ’ ಅದಕ್ಕೆ ದೂರದ ದಾಯಾದಿ. ಹೀಗೆ ಒಂದು ಹಾಳೆಯಲ್ಲಿ ಅಷ್ಟು ಆಳ್ವಿಕೆಗಳು ಅಕ್ಕಪಕ್ಕದ ಕಾಲಮ್ಮುಗಳಲ್ಲಿ ಜಗಳವಿಲ್ಲದೆ ಕೂತಿವೆ.

ಅದೇ ಹಾಳೆಯಲ್ಲಿ ‘ಖರಾಬು’ ಎಂದೊಂದಿದೆ. ಒಬ್ಬ ಹೆಣ್ಣುಮಗಳು ಕೌಂಟರಿಗೆ ಬಂದು, “ನಮ್ಮ ಹೊಲ ಖರಾಬ್ ಅಂತ ಬರ್ದಾರ್ರಿ, ಇನ್ನ ಸಾಲ ಹುಟ್ಟೂದಿಲ್ಲೇನು?” ಎಂದು ಕಣ್ಣೀರು ಹಾಕಿದ್ದು ನೆನಪಿದೆ. ಕೆಟ್ಟದ್ದು, ಹಾಳಾದದ್ದು ಎಂಬುದೇ ಆ ಪದದ ಮೂಲ ಅರ್ಥ, ಆಕೆಗೆ ತಿಳಿದಿದ್ದೂ ಅದೇ. ಕಂದಾಯದ ಲೆಕ್ಕದಲ್ಲಿ ಅದು ಸಾಗುವಳಿಗೆ ಬಾರದ ನೆಲ: ಬಂಡೆ ಇದ್ದದ್ದು ‘ಅ’ ಖರಾಬು, ದಾರಿ, ಹಳ್ಳ, ಸ್ಮಶಾನದಂಥ ಸಾರ್ವಜನಿಕ ಜಾಗ ‘ಬ’ ಖರಾಬು. ಹೊಲಕ್ಕೇನೂ ಆಗಿಲ್ಲವ್ವ, ಅಂಚಿನ ನಾಲ್ಕು ಗುಂಟೆ ಬಂಡೆಗಲ್ಲಿಗೆ ಕಂದಾಯ ಬೇಡ ಅಂದಾರಷ್ಟ, ಎಂದ ಮೇಲೆ ಆಕೆ ನಕ್ಕಳು. ಒಂದು ಪದದ ಹಳೆಯ ಅರ್ಥ, ಹೊಸ ಅರ್ಥ ಎರಡನ್ನೂ ಬಿಡಿಸಿ ಹೇಳಿದ್ದಕ್ಕೆ ಸಿಕ್ಕ ಫಲ ಅದು.

ಅರ್ಥಗಳು ಹೀಗೆ ಮಗ್ಗುಲು ಬದಲಿಸುವುದೇ ಈ ಹವ್ಯಾಸದ ದೊಡ್ಡ ರುಚಿ. ‘ರಾಜೀನಾಮೆ’ಯನ್ನೇ ನೋಡಿ. ರಾಜಿ ಎಂದರೆ ಒಪ್ಪಿಗೆ, ನಾಮೆ ಎಂದರೆ ಪತ್ರ. ಒಪ್ಪಿಗೆಯ ಪತ್ರ ಕೆಲಸ ಬಿಡುವ ಪತ್ರವಾದದ್ದು ಹೇಗೆ? ನಮ್ಮ ಭಾಗ ಮುಂಬಯಿ ಪ್ರಾಂತ್ಯದಲ್ಲಿದ್ದಾಗ, ಹೊಲ ಬಿಟ್ಟುಕೊಡುವ ರೈತ ‘ರಾಜೀನಾಮೆ’ ಬರೆದುಕೊಡುತ್ತಿದ್ದ. ಅದನ್ನು ಹಿಡಿಯುವವನು ‘ಕಬೂಲಾಯ್ತಿ’ ಬರೆದುಕೊಡುತ್ತಿದ್ದ. ಹೊಲ ಬಿಡಲು ಒಪ್ಪಿದ ಪತ್ರದಿಂದ ಕುರ್ಚಿ ಬಿಡಲು ಒಪ್ಪಿದ ಪತ್ರಕ್ಕೆ ಒಂದೇ ಹೆಜ್ಜೆ. ‘ತಕರಾರು’ ಅರಬ್ಬಿಯಲ್ಲಿ ಹೇಳಿದ್ದನ್ನೇ ಮತ್ತೆ ಹೇಳುವುದು. ಅಣ್ಣ ತಮ್ಮಂದಿರ ಹಿಸ್ಸೆಯ ತಕರಾರು ಕೇಳಿದವರಾರೂ ಇದಕ್ಕೆ ಬೇರೆ ಸಾಕ್ಷಿ ಕೇಳಲಾರರು. ಇನ್ನು ‘ಅಮಲ್ದಾರ’ರ ಅಮಲು ಎಂದರೆ ಕಾರ್ಯ, ಆಡಳಿತ. ತಲೆಗೇರುವ ಅಮಲು, ಮೇಜಿನ ಕೆಳಗೆ ದಾಟುವ ‘ಮಾಮೂಲು’ ಎರಡೂ ಅದೇ ಧಾತುವಿನವು. ಅಧಿಕಾರ, ನಶೆ, ಲಂಚ ಒಂದೇ ಬೇರಿನಿಂದ ಚಿಗುರಿವೆ ಎಂದು ನಾನಾಗಿ ಬರೆದಿದ್ದರೆ ನೋಟೀಸು ಬರುತ್ತಿತ್ತು. ನಿಘಂಟು ಬರೆದರೆ ಯಾರಿಗೂ ಸಿಟ್ಟಿಲ್ಲ.

ಹುಡುಕುತ್ತ ಹೋದರೆ ದಾರಿ ಎಲ್ಲೆಲ್ಲಿಗೋ ಒಯ್ಯುತ್ತದೆ. ‘ದಫ್ತರ’ ಗ್ರೀಕಿನಲ್ಲಿ ಬರೆಯಲು ಹದ ಮಾಡಿದ ಚರ್ಮದ ಹೆಸರು. ಗಂಟಲಲ್ಲಿ ಚರ್ಮದಂಥ ಪೊರೆ ಕಟ್ಟುವ ಡಿಫ್ತೀರಿಯಾ ರೋಗಕ್ಕೂ ಹೆಸರು ಬಂದದ್ದು ಅಲ್ಲಿಂದಲೇ. ‘ರುಮಾಲು’ ಪರ್ಷಿಯನ್‌ನಲ್ಲಿ ಮುಖ ಒರೆಸುವ ಬಟ್ಟೆ; ನಮ್ಮ ಕಡೆ ಅದು ತಲೆಯ ಮೇಲೇರಿ ಮರ್ಯಾದೆಯಾಯಿತು, ಪುಣೆಯ ಪೇಶ್ವೆ ದಫ್ತರದಲ್ಲಿ ಕಾಗದದ ಗಂಟಾಯಿತು. ‘ಶಾಯಿ’ಯ ಮೂಲ ಅರ್ಥ ಕಪ್ಪು. ಹಾಗಾದರೆ ಮೇಲಧಿಕಾರಿಗಳು ನನ್ನ ಟಿಪ್ಪಣಿ ತಿದ್ದಿದ್ದು ಕೆಂಪು ಕಪ್ಪಿನಿಂದ!

ಆದರೆ ಈ ಸುಖಕ್ಕೆ ಒಂದು ಶಿಸ್ತು ಬೇಕು. ಕಿವಿಗೆ ಹೊಂದಿದ್ದೆಲ್ಲ ಮೂಲವಲ್ಲ. ‘ಮುಚ್ಚಳಿಕೆ’ಯಲ್ಲಿ ನಮಗೆ ಮುಚ್ಚಳ ಕೇಳಿಸುತ್ತದೆ, ಅದು ತುರ್ಕಿ ಭಾಷೆಯಿಂದ ಬಂದ, ಕರಾರು ಪತ್ರ ಎಂಬರ್ಥದ ಪದ. ವೀರಬಲ್ಲಾಳನಿಗೆ ಮುದುಕಿ ಬೆಂದ ಕಾಳು ಕೊಟ್ಟದ್ದರಿಂದ ಬೆಂಗಳೂರು ಆಯಿತೆಂಬ ಕಥೆ ಮಕ್ಕಳಿಗೂ ಗೊತ್ತು. ಆ ದೊರೆ ಪಟ್ಟಕ್ಕೆ ಬಂದದ್ದು 12ನೇ ಶತಮಾನದಲ್ಲಿ. ಬೇಗೂರಿನ ವೀರಗಲ್ಲು ಸುಮಾರು ಕ್ರಿ.ಶ. 890ರಲ್ಲೇ ಬೆಂಗಳೂರಿನ ಹೆಸರು ಹೇಳುತ್ತದೆ. ಕಥೆ ಚೆಂದವಿದೆ, ಹೇಳೋಣ, ಕಲ್ಲನ್ನೂ ಓದೋಣ. ವಾಟ್ಸ್ಆ್ಯಪಿನಲ್ಲಿ ದಿನಕ್ಕೊಂದು ಪದವನ್ನು ಒಡೆದು ತಮಗೆ ಬೇಕಾದ ಭಾಷೆಗೆ, ಬೇಕಾದ ಜಾತಿಗೆ ಹಂಚುವವರಿಗೆ ಈ ಕಲ್ಲು ನೆನಪಿರಲಿ.

ನವೆಂಬರ್ ಬಂತೆಂದರೆ ಕನ್ನಡವನ್ನು ತೊಳೆದು ಶುದ್ಧ ಮಾಡುವ ಮಾತು ಕೇಳಿಬರುತ್ತದೆ. ಅರ್ಜಿ ಹೊರಗಿನದು, ‘ಬಿನ್ನಹ’ ಬಳಸಿ ಎನ್ನುವವರಿದ್ದಾರೆ. ಬಿನ್ನಹವೂ ಸಂಸ್ಕೃತದ ‘ವಿಜ್ಞಾಪನ’ ಕನ್ನಡದ ಬಾಯಲ್ಲಿ ಸವೆದು ಆದದ್ದೇ. ಪದಗಳು ಹೀಗೆ ಸವೆಯುವ ಬಗೆಗೆ 13ನೇ ಶತಮಾನದಲ್ಲೇ ಕೇಶಿರಾಜ ತನ್ನ ವ್ಯಾಕರಣದಲ್ಲಿ ಒಂದು ಪ್ರಕರಣವನ್ನೇ ಇಟ್ಟ. ಬೇರು ಬಲ್ಲವರಿಗೆ ಶುದ್ಧಿಯ ಹಟ ಬರುವುದಿಲ್ಲ. ಹಾಗೆಂದು ಬಂದದ್ದೆಲ್ಲ ಬರಲಿ ಎಂಬ ಉದಾರಿಯೂ ನಾನಲ್ಲ. ಕೌಂಟರಿನಾಚೆ ನಿಂತವರಿಗೆ ತಿಳಿಯುವುದೇ, ಅವರ ಬಾಯಲ್ಲಿ ಆಡುವುದೇ? ನನ್ನ ತಕ್ಕಡಿ ಇದೊಂದೇ. ‘ಅರ್ಜಿ’ ಅದರಲ್ಲಿ ತೂಗುತ್ತದೆ. ‘ಅಧಿಕೃತ ಜ್ಞಾಪನ’ ಎಂಬ ತಲೆಬರಹ ಎಷ್ಟೇ ಶುದ್ಧವಾಗಿದ್ದರೂ ತೂಗುವುದಿಲ್ಲ. ‘ಮ್ಯುಟೇಶನ್’ ಕೂಡ ಇಲ್ಲ.

ಜನರಿಗೆ ಇದರಲ್ಲಿ ಆಸಕ್ತಿಯಿಲ್ಲ ಎನ್ನಬೇಡಿ. ಜಿ. ವೆಂಕಟಸುಬ್ಬಯ್ಯನವರು 1991ರಲ್ಲಿ ‘ಇಗೋ ಕನ್ನಡ’ ಅಂಕಣ ಶುರು ಮಾಡಿದಾಗ ಓದುಗರು ವರ್ಷಗಟ್ಟಲೆ ಪದಗಳ ಪ್ರಶ್ನೆ ಕಳಿಸುತ್ತಲೇ ಇದ್ದರು. ಕಿಟೆಲ್ 1894ರಲ್ಲಿ ಅಷ್ಟು ದೊಡ್ಡ ನಿಘಂಟು ಕೊಟ್ಟ. ಸಾಹಿತ್ಯ ಪರಿಷತ್ತು ಎಂಟು ಸಂಪುಟ ಕೊಟ್ಟಿತು. ಸಾಮಗ್ರಿ ಇದೆ, ಅದು ಜನ ಓಡಾಡುವ ಜಾಗಕ್ಕೆ ಬರಬೇಕು.

ಆದ್ದರಿಂದ ನನ್ನ ಬೇಡಿಕೆ ಎರಡು. ಪ್ರತಿ ನಾಡಕಚೇರಿಯ ಗೋಡೆಗೆ ಪಹಣಿಯ ಪದಗಳ ಫಲಕವೊಂದನ್ನು ಹಾಕಿ: ಪದ, ಅದು ಬಂದ ಊರು, ಇಂದಿನ ಅರ್ಥ. ಸರದಿಯಲ್ಲಿ ನಿಂತವರಿಗೆ ಓದಲು ಪುರುಸೊತ್ತನ್ನಂತೂ ನಾವೇ ಧಾರಾಳವಾಗಿ ಕೊಡುತ್ತೇವೆ. ಇನ್ನೊಂದು ಶಾಲೆಗಳಿಗೆ: ಪ್ರಬಂಧ ಬರೆಸುವ ಬದಲು ಒಮ್ಮೊಮ್ಮೆ ಮಕ್ಕಳಿಗೆ, ಅಜ್ಜಿಯ ಬಾಯಲ್ಲಿ ಮಾತ್ರ ಉಳಿದ ಒಂದು ಪದ ತನ್ನಿ, ನಿಘಂಟಿನಲ್ಲಿ ಅದರ ಬೇರು ಹುಡುಕೋಣ ಎನ್ನಿ. ಕೆಲವು ಪದ ಅಲ್ಲಿ ಸಿಗುವುದಿಲ್ಲ. ಅಂಥದ್ದನ್ನು ತಂದ ಮಗುವಿಗೆ ಹೆಚ್ಚು ಅಂಕ ಕೊಡಿ.