ಮೊದಲು ಕರೆಂಟ್ ಬಂದ ಊರಲ್ಲಿ ನಕ್ಷತ್ರ ನೋಡೋದು ಹೇಗೆ?

ಅಮಾವಾಸ್ಯೆಗೆ ಹತ್ತಿರದ ಶನಿವಾರ ಸಂಜೆ ಬೆಂಗಳೂರಿನಿಂದ ಒಂದಷ್ಟು ಕಾರುಗಳು ಕತ್ತಲೆ ಹುಡುಕಿಕೊಂಡು ಹೊರಡುತ್ತವೆ. ಅಮಾವಾಸ್ಯೆ ದಿನ ರಾತ್ರಿ ಹೊರಗೆ ಕಾಲಿಡಬೇಡ ಅಂತ ಅಜ್ಜಿಯರು ಹೇಳುವ ನಾಡಿನಲ್ಲಿ ಹವ್ಯಾಸಿ ಖಗೋಳ ವೀಕ್ಷಕರಿಗೆ ಅದೇ ಹಬ್ಬ. ಇಂಜಿನಿಯರಿಂಗ್ ಓದುವಾಗ ಇಂಥ ಒಂದು ತಂಡದ ಜೊತೆ ನಾನೂ ಹೋಗಿದ್ದೆ. ಯಾರದೋ ತೋಟದ ಪಕ್ಕದ ಬಯಲು. ಟಾರ್ಚುಗಳಿಗೆಲ್ಲ ಕೆಂಪು ಜಿಲೇಟಿನ್ ಕಾಗದ. ಕಣ್ಣು ಕತ್ತಲೆಗೆ ಪೂರ್ತಿ ಒಗ್ಗಲು ಇಪ್ಪತ್ತು ಮೂವತ್ತು ನಿಮಿಷ ಬೇಕು, ಅಷ್ಟರಲ್ಲಿ ಯಾರಾದರೂ ಮೊಬೈಲ್ ತೆಗೆದರೆ ಹತ್ತು ಕಡೆಯಿಂದ ಬೈಗುಳ. ಮಧ್ಯರಾತ್ರಿ ಬೀಟ್ ಪೊಲೀಸರು ಬಂದು "ಏನ್ರೀ ಮಾಡ್ತಿದ್ದೀರಾ ಇಲ್ಲಿ?" ಅಂದರು. ಐದು ನಿಮಿಷಕ್ಕೆ ಅವರೂ ಸಾಲಿನಲ್ಲಿ ನಿಂತು ಶನಿಯ ಉಂಗುರ ನೋಡಿದರು. "ಇದು ನಿಜವಾಗ್ಲೂ ಅದೇನಾ, ಇಲ್ಲ ಒಳಗೆ ಫೋಟೋ ಅಂಟಿಸಿದ್ದೀರಾ?" ಅಂತ ಒಬ್ಬರು ಕೇಳಿದ್ದು ಇನ್ನೂ ನೆನಪಿದೆ. ಒಳ್ಳೆಯ ಪ್ರಶ್ನೆ.

ಬೆಂಗಳೂರಿನಲ್ಲಿ ಈ ಹವ್ಯಾಸಕ್ಕೆ ಹಳೆಯ ಬೇರುಗಳಿವೆ. ಬೆಂಗಳೂರು ಹವ್ಯಾಸಿ ಖಗೋಳವೀಕ್ಷಕರ ಸಂಘ 1970ರ ದಶಕದಿಂದಲೂ ಇದೆ. ಆಮೇಲೆ ಬೆಂಗಳೂರು ಅಸ್ಟ್ರನಾಮಿಕಲ್ ಸೊಸೈಟಿ ಬಂತು. ಜವಾಹರಲಾಲ್ ನೆಹರೂ ತಾರಾಲಯದ ಆಸರೆಯಿದೆ. ಆದರೆ ಈ ಕಾರುಗಳಲ್ಲಿ ಯಾರಿರುತ್ತಾರೆ ಅಂತ ನೋಡಿ: ಹೆಚ್ಚಿನವರು ಐಟಿಯವರು, ಕಾರಿರುವವರು, ಸಲೀಸಾಗಿ ಇಂಗ್ಲಿಷ್ ಬರುವವರು, ಭಾನುವಾರ ರಜೆ ಇರುವವರು. ಅವರು ಹೋಗಿ ನಿಲ್ಲುವ ಊರಿನ ಹುಡುಗರು ಬೇಲಿ ಪಕ್ಕ ನಿಂತು ನೋಡುತ್ತಾರೆ. ಯಾರದೂ ತಪ್ಪು ಅಂತಲ್ಲ. ಆಕಾಶ ಊರಿನವರದ್ದು, ಟೆಲಿಸ್ಕೋಪ್ ಮಾತ್ರ ನಗರದ್ದು ಅನ್ನೋ ಹಾಗಾಗಿದೆ.

ಈ ಮಾತು ಎಲ್ಲಕ್ಕಿಂತ ಚುಚ್ಚುವುದು ಕೆಜಿಎಫ್ ವಿಷಯದಲ್ಲಿ.

ಭೂಪಟ ತೆಗೆದು ನೋಡಿ. ಬಂಗಾರಪೇಟೆಯಿಂದ ಪಶ್ಚಿಮಕ್ಕೆ ಹೋದರೆ ಹೊಸಕೋಟೆ. ಲಡಾಖ್‌ನ ಹಾನ್ಲೆಯಲ್ಲಿ, 4,500 ಮೀಟರ್ ಎತ್ತರದಲ್ಲಿರುವ 2 ಮೀಟರ್ ದೂರದರ್ಶಕವನ್ನು ಭಾರತೀಯ ಖಭೌತ ಸಂಸ್ಥೆ ಉಪಗ್ರಹದ ಮೂಲಕ ನಡೆಸುವುದು ಅಲ್ಲಿಂದಲೇ. ಕೆಜಿಎಫ್‌ನಿಂದ ಆಗ್ನೇಯಕ್ಕೆ ನೇರ ಗೆರೆ ಎಳೆದರೆ ಸುಮಾರು 75 ಕಿ.ಮೀ. ದೂರದಲ್ಲಿ, ತಮಿಳುನಾಡಿನ ಜವ್ವಾದು ಬೆಟ್ಟದಲ್ಲಿ, ಕಾವಲೂರು ವೀಕ್ಷಣಾಲಯ. 1977ರಲ್ಲಿ ಯುರೇನಸ್‌ಗೆ ಉಂಗುರಗಳಿವೆ ಅಂತ ತೋರಿಸಿಕೊಟ್ಟ ಅವಲೋಕನಗಳಲ್ಲಿ ಒಂದು ಅಲ್ಲಿನದು. 2007ರವರೆಗೆ ಕೋಲಾರ ಜಿಲ್ಲೆಯಲ್ಲೇ ಇದ್ದ ಗೌರಿಬಿದನೂರಿನಲ್ಲಿ ರೇಡಿಯೋ ದೂರದರ್ಶಕವಿದೆ. ಅದೇ ತಾಲ್ಲೂಕಿನ ಹೊಸೂರಿನವರು ಎಚ್. ನರಸಿಂಹಯ್ಯ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ ಪವಾಡಗಳ ತನಿಖೆಗೆ ಸಮಿತಿ ಮಾಡಿ ಸಾಯಿಬಾಬಾಗೆ ಸವಾಲು ಹಾಕಿದ ಮನುಷ್ಯ. ಇಷ್ಟೆಲ್ಲದರ ನಡುವೆ ಕೆಜಿಎಫ್.

ಕೆಜಿಎಫ್ ಬರೀ ನಡುವೆ ಇರುವ ಊರಲ್ಲ, ಸ್ವತಃ ಒಂದು ವೀಕ್ಷಣಾಲಯವಾಗಿತ್ತು. ಅದೂ ನೆಲದಡಿಯಲ್ಲಿ. ಬಿ.ವಿ. ಶ್ರೀಕಂಠನ್ 1951ರಲ್ಲೇ ಇಲ್ಲಿನ ಗಣಿಗಳಿಗೆ ಇಳಿದು ಕಾಸ್ಮಿಕ್ ಕಿರಣಗಳನ್ನು ಅಳೆಯಲು ಶುರು ಮಾಡಿದ್ದರು. 1965ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ ಸಿಟಿ ವಿಶ್ವವಿದ್ಯಾಲಯ ಮತ್ತು ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯದ ತಂಡ ಸುಮಾರು 2.3 ಕಿ.ಮೀ. ಆಳದಲ್ಲಿ, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋಗಳ ಗುರುತನ್ನು ಹಿಡಿಯಿತು. ಆ ವರದಿ ಪ್ರಕಟವಾದದ್ದು 1965ರ ಆಗಸ್ಟ್ 15ಕ್ಕೆ. ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯೊಂದರಲ್ಲಿ ಇದನ್ನೇ ಹುಡುಕುತ್ತಿದ್ದ ಇನ್ನೊಂದು ತಂಡದ ವರದಿ ಬಂದದ್ದು ಅದೇ ತಿಂಗಳ ಕೊನೆಗೆ.

ಅಷ್ಟು ಕೆಳಗೆ ಯಾಕೆ ಹೋಗಬೇಕಿತ್ತು? ನೆಲದ ಮೇಲೆ ಗದ್ದಲ ಜಾಸ್ತಿ. ಕಾಸ್ಮಿಕ್ ಕಿರಣಗಳ ಮಳೆಯಲ್ಲಿ ನ್ಯೂಟ್ರಿನೋದ ಸಣ್ಣ ಗುರುತು ಮುಚ್ಚಿಹೋಗುತ್ತದೆ. ಎರಡು ಕಿ.ಮೀ. ಬಂಡೆ ಆ ಗದ್ದಲವನ್ನು ತಡೆಯುತ್ತಿತ್ತು. ಕ್ಷೀಣವಾದದ್ದು ಕಾಣಬೇಕಾದರೆ ಮೊದಲು ಬೇಡದ ಬೆಳಕನ್ನು ಹೊರಗಿಡಬೇಕು. ಬೆಂಗಳೂರಿನ ಕಾರುಗಳು ಅಮಾವಾಸ್ಯೆಗೆ ಹೊರಡುವುದೂ ಅದಕ್ಕೇ, ವಿಜ್ಞಾನಿಗಳು ಗಣಿಯ ಕೇಜ್‌ನಲ್ಲಿ ಇಳಿದದ್ದೂ ಅದಕ್ಕೇ.

1990ರ ದಶಕದ ಆರಂಭದಲ್ಲಿ ಪ್ರಯೋಗ ನಿಂತಿತು. 2001ರ ಫೆಬ್ರವರಿ 28ಕ್ಕೆ ಗಣಿಯೇ ಮುಚ್ಚಿತು. ಜಪಾನಿನಲ್ಲಿ ಇದೇ ಬಗೆಯ ಭೂಗತ ಪ್ರಯೋಗಗಳು ಮುಂದುವರಿದು 2002 ಮತ್ತು 2015ರಲ್ಲಿ ನೊಬೆಲ್ ತಂದವು. ನಮ್ಮಲ್ಲಿ ಕೆಜಿಎಫ್ ಅಂದ ಕೂಡಲೇ ನೆನಪಾಗುವುದು ರಾಕಿ ಭಾಯ್. ಸಿನಿಮಾದ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಅದರಲ್ಲಿ ಕೆಜಿಎಫ್‌ನ ಜನರಿಗಿಂತ ಧೂಳೇ ಹೆಚ್ಚು ಕಾಣುತ್ತದೆ.

ಕತ್ತಲೆಯ ವಿಷಯದಲ್ಲಿ ಈ ಊರಿನ ಇನ್ನೊಂದು ಕಥೆಯೂ ಇದೆ. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿ.ಮೀ. ತಂತಿ ಎಳೆದು ಕರೆಂಟ್ ತಂದದ್ದು ಇಲ್ಲಿಗೆ. ಬೆಂಗಳೂರಿಗೆ ದೀಪ ಬಂದದ್ದು ಅದಾದ ಮೂರು ವರ್ಷಕ್ಕೆ. ಆ ಕರೆಂಟ್ ಬಂದದ್ದು ಗಣಿಯ ಯಂತ್ರಗಳಿಗಾಗಿ, ತಟ್ಟಿ ಗುಡಿಸಲುಗಳ ಲೈನುಗಳಲ್ಲಿ ಬದುಕುತ್ತಿದ್ದ ದಲಿತ ಕಾರ್ಮಿಕರಿಗಾಗಿ ಅಲ್ಲ. ಬೆಳಕು ಯಾರಿಗೆ ಬೇಕು, ಎಲ್ಲಿ ಬೇಕು ಅಂತ ಊರಿನವರನ್ನು ಕೇಳದೆ ತೀರ್ಮಾನಿಸುವ ಅಭ್ಯಾಸ ಅಷ್ಟು ಹಳೆಯದು.

ಈಗ ಅದೇ ಮತ್ತೆ ನಡೆಯುತ್ತಿದೆ. ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇಯ ಕರ್ನಾಟಕದ ಭಾಗ ಹೊಸಕೋಟೆಯಿಂದ ಮಾಲೂರು, ಬಂಗಾರಪೇಟೆ ಮೇಲೆ ಬೇತಮಂಗಲದ ಕಡೆ ಹಾಯುತ್ತದೆ. ರಸ್ತೆಯ ಹಿಂದೆ ಲೇಔಟ್, ಲೇಔಟ್ ಹಿಂದೆ ಹೈಮಾಸ್ಟ್ ದೀಪ. ಗಣಿಯ ತ್ಯಾಜ್ಯದ ಗುಡ್ಡಗಳಿಂದ, ಊರವರು ಸೈನೈಡ್ ಡಂಪ್ ಅನ್ನುವ ಆ ಮಣ್ಣಿನಿಂದ, ಮತ್ತೆ ಚಿನ್ನ ತೆಗೆಯುವ ಪ್ರಸ್ತಾವಕ್ಕೆ ರಾಜ್ಯ ಸಂಪುಟ 2024ರಲ್ಲಿ ಒಪ್ಪಿಗೆ ಕೊಟ್ಟಿದೆ. ಕೆಲಸ ಬರಲಿ, ಬೇಡ ಅನ್ನುವವರು ಯಾರು? ಆದರೆ ಯೋಜನೆಗಳಲ್ಲಿ ದೀಪ ಅಂದರೆ ಎಷ್ಟು ವ್ಯಾಟ್ ಅನ್ನುವುದಷ್ಟೇ ಲೆಕ್ಕ. ಬೆಳಕು ನೆಲಕ್ಕೆ ಬೀಳುತ್ತದೋ ಆಕಾಶಕ್ಕೆ ಹೋಗುತ್ತದೋ ಅಂತ ಕೇಳುವವರಿಲ್ಲ. ದೀಪಕ್ಕೆ ಮೇಲಿನಿಂದ ಟೋಪಿಯಂಥ ಮುಚ್ಚಳ, ನೀಲಿ-ಬಿಳಿ ಎಲ್‌ಇಡಿ ಬದಲು 3,000 ಕೆಲ್ವಿನ್ ಒಳಗಿನ ಹಳದಿ ಬಣ್ಣದ ಬೆಳಕು: ಟೆಂಡರಿನಲ್ಲಿ ಎರಡು ಸಾಲು ಸೇರಿಸಿದರೆ ಆಗುವ ಕೆಲಸ. ಹೆಣ್ಣುಮಕ್ಕಳ ಸುರಕ್ಷತೆಗೆ ದೀಪ ಬೇಡವಾ ಅಂತ ಕೇಳಬಹುದು. ಬೇಕೇ ಬೇಕು, ಕಾಲಡಿಯ ದಾರಿಗೆ ಬೇಕು. ಕಣ್ಣಿಗೆ ಹೊಡೆಯುವ ಹೈಮಾಸ್ಟ್ ಅದರಾಚೆಯ ನೆರಳನ್ನು ಇನ್ನಷ್ಟು ಕಪ್ಪಗೆ ಮಾಡುತ್ತದೆ ಅಷ್ಟೆ.

"ಊಟಕ್ಕೇ ಕಷ್ಟ ಇರೋ ಕಡೆ ಟೆಲಿಸ್ಕೋಪಾ?" ಅನ್ನುವ ಮಾತೂ ಬರುತ್ತದೆ. ಇದನ್ನು ಕೇಳುವವರು ಸಾಮಾನ್ಯವಾಗಿ ಕೆಜಿಎಫ್‌ನವರಲ್ಲ. ನೂರು ವರ್ಷಕ್ಕೂ ಹಿಂದೆ ಅಯೋತಿ ದಾಸರ ಶಾಕ್ಯ ಬೌದ್ಧ ಸಂಘದ ಶಾಖೆಗಳು ಮಾರಿಕುಪ್ಪಂ, ಚಾಂಪಿಯನ್ ರೀಫ್‌ಗಳಲ್ಲಿ ನಡೆಯುತ್ತಿದ್ದವು. ಅವರ 'ತಮಿಳನ್' ಪತ್ರಿಕೆ ಅವರ ನಂತರ ಇದೇ ಊರಿನಿಂದ ಹೊರಬಂತು. ಗಣಿ ಕಾರ್ಮಿಕರು ಶಿಫ್ಟ್ ಮುಗಿಸಿ ಬಂದು ಜಾತಿ, ದೇವರು, ಪುರಾಣಗಳ ಬಗ್ಗೆ ವಾದ ಮಾಡಿದ ಊರು ಇದು. ಸಂಘ ಕಟ್ಟುವುದನ್ನು ಇವರಿಗೆ ಬೆಂಗಳೂರು ಹೇಳಿಕೊಡಬೇಕಾಗಿಲ್ಲ.

ಕೈಕೆಲಸವನ್ನಂತೂ ಹೇಳಿಕೊಡಲೇಬೇಕಾಗಿಲ್ಲ. ಹವ್ಯಾಸಿಗಳ ಲೋಕದಲ್ಲಿ ಟೆಲಿಸ್ಕೋಪ್ ಕೊಳ್ಳುವವನಿಗಿಂತ ಮಾಡುವವನಿಗೆ ಬೆಲೆ ಹೆಚ್ಚು. ಎರಡು ದಪ್ಪ ಗಾಜಿನ ಬಿಲ್ಲೆ, ನಡುವೆ ಕಾರ್ಬೊರಂಡಂ ಪುಡಿ, ನೀರು. ವಾರಗಟ್ಟಲೆ ಕೈಯಲ್ಲೇ ಉಜ್ಜಿ, ಕೊನೆಗೆ ಸೀರಿಯಂ ಆಕ್ಸೈಡ್‌ನಿಂದ ನಯಗೊಳಿಸಿ, ಮಿಲಿಮೀಟರಿನ ಹತ್ತು ಸಾವಿರದ ಒಂದು ಭಾಗದಷ್ಟು ನಿಖರವಾಗಿ ಕನ್ನಡಿಯ ತಗ್ಗನ್ನು ತರಬೇಕು. ನಾಲ್ಕು ವರ್ಷ ಇಂಜಿನಿಯರಿಂಗ್ ಓದಿದ ನನ್ನ ಕೈಗೆ ಅದು ಒಗ್ಗಲಿಲ್ಲ. ಫಿಟ್ಟರ್, ಟರ್ನರ್‌ಗಳ ಊರಿದು, ಬಿಇಎಂಎಲ್ ಕಾರ್ಖಾನೆ ಇರುವ ಊರು. ನಿವೃತ್ತ ಫಿಟ್ಟರ್ ಒಬ್ಬರು ಕೂತರೆ ಹತ್ತು ಹುಡುಗರಿಗೆ ಕಲಿಸಬಲ್ಲರು. ಪ್ಲೈವುಡ್ ಪೆಟ್ಟಿಗೆಯ ಮೇಲೆ ತಿರುಗುವ ಡಾಬ್ಸೋನಿಯನ್ ಚೌಕಟ್ಟಿಗೆ ಬಡಗಿಯ ಕೈ ಸಾಕು.

ರಾಜ್ಯ ಸರ್ಕಾರ 800ಕ್ಕೂ ಹೆಚ್ಚು ವಸತಿ ಶಾಲೆ, ಕಾಲೇಜುಗಳಿಗೆ ಟೆಲಿಸ್ಕೋಪ್ ಕೊಡುವ ಯೋಜನೆ ಮಾಡಿದೆ. ವಸತಿ ಶಾಲೆಯ ಆಯ್ಕೆ ಸರಿಯಾದದ್ದೇ. ಮಾಮೂಲಿ ಶಾಲೆ ನಾಲ್ಕು ಗಂಟೆಗೆ ಬಾಗಿಲು ಹಾಕುತ್ತದೆ, ನಕ್ಷತ್ರ ಬರುವುದು ಏಳಕ್ಕೆ. ಆದರೆ ಕನ್ನಡಿಗೆ ಧೂಳು ಕೂರುತ್ತದೆ, ಅಲೈನ್‌ಮೆಂಟ್ ತಪ್ಪುತ್ತದೆ, ಐಪೀಸ್ ಕಳೆಯುತ್ತದೆ. ನಾಲ್ಕು ಸಲ ಏನೂ ಕಾಣದಿದ್ದರೆ ಐದನೇ ಸಲ ಅದು ಬೀರುವಿನೊಳಗೇ. ವಿಜ್ಞಾನದ ಮೇಷ್ಟರಿಗೆ ಚುನಾವಣೆ, ಗಣತಿ, ಎಲ್ಲಾ ಕೆಲಸ ಇದೆ. ಯಂತ್ರವನ್ನು ಬದುಕಿಸಿಡುವುದು ಕ್ಲಬ್ಬು, ಅಂದರೆ ತಿಂಗಳಿಗೊಮ್ಮೆ ತಪ್ಪದೆ ಬಂದು ಸೇರುವ ಹತ್ತು ಜನ. ಹಾನ್ಲೆಯಲ್ಲಿ 2022ರಲ್ಲಿ ಕತ್ತಲ ಆಕಾಶದ ಮೀಸಲು ಪ್ರದೇಶ ಘೋಷಿಸಿದಾಗ ಸುತ್ತಲ ಹಳ್ಳಿಯವರಿಗೇ ತರಬೇತಿ ಕೊಟ್ಟು, ಟೆಲಿಸ್ಕೋಪ್ ಕೊಟ್ಟರು. ಈಗ ಪ್ರವಾಸಿಗಳಿಗೆ ಆಕಾಶ ತೋರಿಸುವುದು ಅವರೇ. ಹಾನ್ಲೆಯನ್ನು ನಡೆಸುವ ಕೇಂದ್ರ ನಮ್ಮ ಹೊಸಕೋಟೆಯಲ್ಲೇ ಇರುವಾಗ ಅದನ್ನು ಬಂಗಾರಪೇಟೆಯಲ್ಲಿ ಮಾಡಲು ಏನಡ್ಡಿ?

ಇದರಲ್ಲಿ ಪಣಕ್ಕಿರುವುದು ಹವ್ಯಾಸ ಮಾತ್ರ ಅಲ್ಲ. 2019ರ ಡಿಸೆಂಬರ್ 26ರ ಸೂರ್ಯಗ್ರಹಣದ ದಿನ ಕಲಬುರಗಿ ಹತ್ತಿರದ ತಾಜ್‌ಸುಲ್ತಾನಪುರದಲ್ಲಿ ಅಂಗವೈಕಲ್ಯವಿದ್ದ ಮಕ್ಕಳನ್ನು ವಾಸಿಯಾಗುತ್ತದೆ ಅಂತ ಕುತ್ತಿಗೆವರೆಗೆ ಮಣ್ಣಲ್ಲಿ ಹೂತಿದ್ದರು. 2025ರ ಸೆಪ್ಟೆಂಬರ್ 7ರ ರಾತ್ರಿ ಚಂದ್ರ 82 ನಿಮಿಷ ತಾಮ್ರದ ಬಣ್ಣಕ್ಕೆ ತಿರುಗಿದಾಗಲೂ ದೇವಸ್ಥಾನಗಳ ಬಾಗಿಲು ಮುಚ್ಚಿದ್ದವು, ಟಿವಿಯಲ್ಲಿ ರಾಶಿಫಲ ನಡೆದಿತ್ತು. ವಿಚಾರವಾದಿ ಗೆಳೆಯರು ಗ್ರಹಣದ ಹೊತ್ತಿಗೆ ಕ್ಯಾಮೆರಾ ಮುಂದೆ ತಿಂಡಿ ತಿನ್ನುತ್ತಾರೆ. ಅದಕ್ಕೆ ನನ್ನ ವಿರೋಧವಿಲ್ಲ. ಆದರೆ ಹೆದರಿದ ತಾಯಿಗೆ ಅದು ಉತ್ತರ ಅಲ್ಲ. ಅವಳ ಮಗಳ ಕಣ್ಣಿಗೆ ಟೆಲಿಸ್ಕೋಪ್ ಹಿಡಿದು ಭೂಮಿಯ ನೆರಳಿನ ದುಂಡಗಿನ ಅಂಚನ್ನು ತೋರಿಸುವುದು ಉತ್ತರ. ಅದನ್ನು ತೋರಿಸುವವರು ಅದೇ ಬೀದಿಯವರಾಗಿರಬೇಕು.

ಕಷ್ಟಗಳಿವೆ. ಮಾರಿಕುಪ್ಪಂ, ಬಂಗಾರಪೇಟೆಯ ಯುವಕರಲ್ಲಿ ಎಷ್ಟೋ ಮಂದಿ ಬೆಳಗಿನ ಜಾವದ ಟ್ರೇನ್ ಹಿಡಿದು ಬೆಂಗಳೂರಿಗೆ ದುಡಿಯಲು ಹೋಗಿ ರಾತ್ರಿ ಬರುತ್ತಾರೆ. ಶನಿವಾರವೂ ಡ್ಯೂಟಿ. ಹಾಗಾಗಿ ಇಲ್ಲಿನ ಕ್ಲಬ್ಬು ಬೆಂಗಳೂರಿನ ಹಾಗೆ ರಾತ್ರಿಯಿಡೀ ಬಯಲಲ್ಲಿ ಕೂರುವುದು ಆಗದ ಮಾತು. ಸ್ಟೇಷನ್ನಿಗೆ ಹತ್ತಿರದ ಮೈದಾನ, ರಾತ್ರಿ ಎಂಟೂವರೆಯಿಂದ ಹತ್ತೂವರೆ, ಹೆಣ್ಣುಮಕ್ಕಳು ಮನೆಯವರ ಜೊತೆ ಬಂದು ಹೋಗುವಂತಿರಬೇಕು, ಹತ್ತಿರದಲ್ಲಿ ಶೌಚಾಲಯ ಇರಬೇಕು. ಚಂದ್ರ, ಗುರು, ಶನಿ ಊರಿನ ಬೆಳಕಲ್ಲೂ ಕಾಣುತ್ತವೆ, ಶುರುವಿಗೆ ಅಷ್ಟು ಸಾಕು.

ನಕ್ಷತ್ರಪಟ ಮಾತ್ರ ಕನ್ನಡ, ತಮಿಳು, ತೆಲುಗು ಮೂರರಲ್ಲೂ ಬೇಕು. ಕೋಲಾರದ ರೈತರು ಇವತ್ತಿಗೂ ಆರಿದ್ರಾ ಮಳೆ ಅನ್ನುತ್ತಾರೆ. ಆ ಮಳೆ ಬರುವ ಜೂನ್ ಕೊನೆಯಲ್ಲಿ ಆರಿದ್ರಾ ನಕ್ಷತ್ರ ಕಾಣುವುದೇ ಇಲ್ಲ, ಸೂರ್ಯನ ಪಕ್ಕದಲ್ಲಿರುತ್ತದೆ. ಅದನ್ನು ನೋಡಬೇಕಾದರೆ ಜನವರಿಯಲ್ಲಿ ರಾತ್ರಿ ಟ್ರೇನ್ ಇಳಿದು ಬರುವಾಗ ಕತ್ತೆತ್ತಬೇಕು. ಕೆಂಪಗೆ, ಸಾಕಷ್ಟು ಎತ್ತರದಲ್ಲಿ ಇರುತ್ತದೆ. ಪ್ಲಾಟ್‌ಫಾರ್ಮಿನ ದೀಪ ದಾಟಿ ನಾಲ್ಕು ಹೆಜ್ಜೆ ಆಚೆ ನಿಂತರೆ ಈಗಲೂ ಕಾಣುತ್ತದೆ.