ಬೊಜ್ಜಿನ ಬಿಲ್ಲು ಯಾರ ಹೆಸರಿಗೆ?

ತಳೇಗಾಂವ ದಾಭಾಡೆಯಲ್ಲಿ ಮನೆ ಮಾಡಿಕೊಂಡು ಹಿಂಜವಡಿಯ ಐಟಿ ಕಂಪನಿಗಳಿಗೆ ಹೋಗಿಬರುವ ಕನ್ನಡಿಗರಿದ್ದೇವೆ. ಇಲ್ಲಿ ಗಾಳಿ ಚೆನ್ನಾಗಿದೆ, ಲೋಣಾವಳ ಹತ್ತಿರ. ಲೋಕಲ್ ರೈಲೂ ಇದೆ, ಆದರೆ ಅದು ಹಿಂಜವಡಿಗೆ ಹೋಗುವುದಿಲ್ಲ. ಹಾಗಾಗಿ ಬಸ್ಸಿನಲ್ಲೋ ಕಾರಿನಲ್ಲೋ ಕೂತು ಹೋಗುವುದು, ಒಂಬತ್ತು ತಾಸು ಕೂತು ಕೆಲಸ ಮಾಡುವುದು, ಮತ್ತೆ ಕೂತುಕೊಂಡೇ ಮನೆಗೆ ಬರುವುದು. ಅಮೆರಿಕದವರ ಜೊತೆಗಿನ ಕಾಲ್ ಮುಗಿದ ಮೇಲೆ ರಾತ್ರಿ ಊಟ. ವಾರ್ಷಿಕ ಆರೋಗ್ಯ ತಪಾಸಣೆ ಮುಗಿಯುತ್ತಿದ್ದಂತೆ ಎಚ್‌ಆರ್‌ನಿಂದ ಮೇಲ್ ಬರುತ್ತದೆ: ದಿನಕ್ಕೆ ಹತ್ತು ಸಾವಿರ ಹೆಜ್ಜೆ ನಡೆಯಿರಿ. ಯಾವಾಗ ಎಂದು ಮಾತ್ರ ಅದರಲ್ಲಿ ಇರುವುದಿಲ್ಲ.

ಬೊಜ್ಜು ಎಂದರೆ ನಾಲಿಗೆ ಚಪಲ, ಸೋಮಾರಿತನ ಎಂದು ನಾವೇ ಒಪ್ಪಿಕೊಂಡುಬಿಟ್ಟಿದ್ದೇವೆ. ಆದರೆ ಇದರ ಲೆಕ್ಕ ಒಬ್ಬರ ಹೊಟ್ಟೆಗೆ ಮುಗಿಯುವಂಥದ್ದಲ್ಲ. 2019ರಲ್ಲಿ ಅಧಿಕ ತೂಕ ಮತ್ತು ಬೊಜ್ಜಿನಿಂದ ಭಾರತಕ್ಕೆ ಬಿದ್ದ ಹೊರೆ ಸುಮಾರು 2,900 ಕೋಟಿ ಡಾಲರ್, ಅಂದರೆ ಜಿಡಿಪಿಯ ಶೇ 1ರಷ್ಟು ಎಂಬ ಅಂದಾಜನ್ನು ವರ್ಲ್ಡ್ ಒಬೆಸಿಟಿ ಫೆಡರೇಷನ್ ಪ್ರಕಟಿಸಿದೆ. ಆಸ್ಪತ್ರೆ ಬಿಲ್ಲು ಮಾತ್ರವಲ್ಲ, ಹಾಕಿದ ರಜೆ, ಕುಂದಿದ ಕೆಲಸ, ಅಕಾಲಿಕ ಸಾವು ಎಲ್ಲವೂ ಅದರಲ್ಲಿ ಸೇರಿವೆ. ಪುಣೆಗೆ ಬಂದ ಮೇಲೆ ವಡಾಪಾವ್ ತಿಂದು ಹೀಗಾಯಿತು ಎನ್ನುವಂತೆಯೂ ಇಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಹೆಂಗಸರು, ಗಂಡಸರು ಇಬ್ಬರಲ್ಲೂ ಶೇ 30ರಷ್ಟು ಮಂದಿ ಅಧಿಕ ತೂಕದವರು. ಮಹಾರಾಷ್ಟ್ರದ ಪ್ರಮಾಣ ಅದಕ್ಕಿಂತ ಕಡಿಮೆ.

ಕಂಪನಿ ವಿಮೆ ಕೊಟ್ಟಿದೆಯಲ್ಲ ಎನ್ನಬಹುದು. ಅದರ ಷರತ್ತನ್ನು ಒಮ್ಮೆ ಓದಿ. ವಿಮಾ ನಿಯಂತ್ರಣ ಪ್ರಾಧಿಕಾರ ರೂಪಿಸಿದ ಪ್ರಮಾಣಿತ ಷರತ್ತಿನಂತೆ ತೂಕ ಇಳಿಸುವ ಶಸ್ತ್ರಚಿಕಿತ್ಸೆಗೆ ಹಣ ಸಿಗಲು ಬಿಎಂಐ 40 ಮುಟ್ಟಿರಬೇಕು. ಹೃದ್ರೋಗ, ಹತೋಟಿಗೆ ಬಾರದ ಮಧುಮೇಹದಂಥ ಕಾಯಿಲೆ ಜೊತೆಗಿದ್ದರೆ 35 ಸಾಕು. ಐದು ಅಡಿ ಏಳು ಇಂಚು ಎತ್ತರದವರಿಗೆ 40 ಎಂದರೆ ಸುಮಾರು 116 ಕಿಲೊ. ನಮ್ಮ ವೈದ್ಯರು ಭಾರತೀಯರಿಗೆ ಬೊಜ್ಜು ಎನ್ನುವುದು 25ರಿಂದಲೇ, ಅಂದರೆ ಸುಮಾರು 72 ಕಿಲೊದಿಂದ. ನಡುವಿನ 44 ಕಿಲೊ ಏರುವಾಗ ನಮ್ಮ ಪಾಲಿಗೆ ಇರುವುದು ಎಚ್‌ಆರ್‌ನ ಮೇಲ್ ಒಂದೇ.

ತೂಕ ಹೆಚ್ಚಿದವರಿಂದ ಹೆಚ್ಚು ಪ್ರೀಮಿಯಂ ವಸೂಲು ಮಾಡಿದರೆ ಬುದ್ಧಿ ಬರುತ್ತದೆ ಎನ್ನುವವರೂ ಇದ್ದಾರೆ. ನನಗೆ ಇದು ಒಪ್ಪಿಗೆಯಿಲ್ಲ. ರಾತ್ರಿ ಹತ್ತಕ್ಕೆ ಮೀಟಿಂಗ್ ಇಡುವವರು ಒಬ್ಬರು, ಅದರ ದಂಡ ಕಟ್ಟುವವರು ಇನ್ನೊಬ್ಬರೇ? ತಳೇಗಾಂವ ಎಂಐಡಿಸಿಯಂಥ ಕಡೆ ದುಡಿಯುವವರಿಗಾಗಿ 1948ರ ಕಾರ್ಖಾನೆ ಕಾಯ್ದೆ, 250ಕ್ಕಿಂತ ಹೆಚ್ಚು ಕಾರ್ಮಿಕರಿದ್ದಲ್ಲಿ ಕ್ಯಾಂಟೀನ್ ಇರಲೇಬೇಕೆಂದಿತು. ಕೆಲಸಗಾರರ ಊಟ ಮಾಲೀಕರ ಹೊಣೆಯೂ ಹೌದೆಂಬುದು ಆಗಲೇ ಗೊತ್ತಿತ್ತು. ನಮ್ಮ ಗಾಜಿನ ಕಟ್ಟಡಗಳಲ್ಲಿ ಪುಕ್ಕಟೆ ಬಿಸ್ಕತ್ತು, ಸಕ್ಕರೆ ಬೆರೆತ ಮಷಿನ್ ಚಹಾ ಇಟ್ಟು ಅದನ್ನು ಸೌಲಭ್ಯ ಎನ್ನುತ್ತಾರೆ. ಜಿಮ್ ಬೇಡ. ವಾರದಲ್ಲಿ ಮೂರು ದಿನ ರಾತ್ರಿ ಕಾಲ್ ಇಲ್ಲದಿದ್ದರೆ, ಇನ್ನೆರಡು ದಿನ ಮನೆಯಿಂದಲೇ ಕೆಲಸ ಮಾಡಲು ಬಿಟ್ಟರೆ, ನಡೆಯಲು ಹೊತ್ತು ತಾನಾಗಿ ಸಿಗುತ್ತದೆ.

ನನಗಿರುವ ದೊಡ್ಡ ಭಯ ಬೇರೆಯೇ. ನಲವತ್ತು ದಾಟುವ ಹೊತ್ತಿಗೆ ಸಕ್ಕರೆ ಕಾಯಿಲೆ, ಬಿಪಿ ಎರಡೂ ಬಂದಿರುತ್ತವೆ. ಕೆಲಸ ಹೋದರೆ ಕಂಪನಿಯ ಗುಂಪು ವಿಮೆಯೂ ಹೋಗುತ್ತದೆ. ಹೊಸದಾಗಿ ಪಾಲಿಸಿ ಮಾಡಿಸಿದರೆ ಮೊದಲೇ ಇದ್ದ ಕಾಯಿಲೆಗಳಿಗೆ 3 ವರ್ಷದವರೆಗೆ ಕಾಯಿಸಬಹುದು. 2024ಕ್ಕೆ ಮೊದಲು ಇದು 4 ವರ್ಷವಿತ್ತು. ಅಷ್ಟರಲ್ಲಿ ಆಸ್ಪತ್ರೆ ಸೇರಿದರೆ ಪುಣೆಯ ಮನೆಯನ್ನೋ ಊರಿನ ಹೊಲವನ್ನೋ ಮಾರಬೇಕಾದೀತು. ಕಂಪನಿಯ ಲೆಕ್ಕದಿಂದ ಬಿಟ್ಟುಹೋದ ಈ ಖರ್ಚು ಗದಗಿನಲ್ಲೋ ಹಾಸನದಲ್ಲೋ ಇರುವ ಅಪ್ಪ ಅಮ್ಮನ ಮೇಲೆ ಬೀಳುತ್ತದೆ.

ಗುಂಪು ವಿಮೆಯಿಂದ ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾಯಿಸಿಕೊಳ್ಳಲು ಅರ್ಜಿ ಹಾಕುವ ಅವಕಾಶವಿದೆ. ಒಪ್ಪಿದರೆ ಈಗಾಗಲೇ ಕಾದ ವರ್ಷಗಳೂ ಲೆಕ್ಕಕ್ಕೆ ಬರುತ್ತವೆ. ಕೆಲಸ ಬಿಡುವ ಪತ್ರ ಕೊಡುವ ಮೊದಲೇ ಎಚ್‌ಆರ್‌ನವರನ್ನು ಈ ಬಗ್ಗೆ ಕೇಳಿ.