ಉಗಿಯ ನೇಗಿಲಿನ ಮರಿಗಳು

ಕಲಾ ವಿಭಾಗದ ವಿದ್ಯಾರ್ಥಿ ಕಾಲೇಜಿನ ವಾರ್ಷಿಕ ಸಂಚಿಕೆಗೆ ಏನಾದರೂ ಕೊಡುವುದಾದರೆ ಒಂದು ಕವನ ಕೊಡುವುದು, ಇಲ್ಲವಾದರೆ ಶಿಸ್ತಿನ ಮೇಲೊಂದು ಪ್ರಬಂಧ ಬರೆಯುವುದು ವಾಡಿಕೆ. ನಾನು ಯಂತ್ರದ ವಿಷಯ ಬರೆಯಹೊರಟಿರುವುದನ್ನು ಕಂಡು ಕೆಲವರು ಹುಬ್ಬೇರಿಸಬಹುದು. ಅದೂ ದೊಡ್ಡ ಯಂತ್ರಗಳಲ್ಲ. ಇಂಗ್ಲೆಂಡಿನಲ್ಲಿ ಕೆಲವರು ವರ್ಷಗಟ್ಟಲೆ ಕುಳಿತು ಕಟ್ಟುವ, ಹೊಲ ಉಳುವ ಉಗಿಯಂತ್ರಗಳ ಮರಿಗಳು. ಮೂಲದ ಮೂರರಲ್ಲೊಂದು, ನಾಲ್ಕರಲ್ಲೊಂದು, ಆರರಲ್ಲೊಂದು ಪಾಲಿಗೆ ಇಳಿಸಿದ ಈ ಮರಿಗಳು ನಿಜವಾಗಿಯೂ ಕಲ್ಲಿದ್ದಲು ತಿಂದು, ನೀರು ಕುಡಿದು, ಹಗ್ಗ ಎಳೆದು ಮಣ್ಣನ್ನು ಸೀಳುತ್ತವೆ. ಇಂಥದೊಂದರ ಚಿತ್ರವನ್ನು ಹಾಸ್ಟೆಲಿನಲ್ಲಿ ಮೊಬೈಲಿನ ಮೇಲೆ ತೋರಿಸಿದಾಗ ಮಿತ್ರರೊಬ್ಬರು, “ಪೆನ್ಷನ್ ಬರುವ ಮುದುಕರ ಆಟಿಕೆ ಕಣಯ್ಯ” ಎಂದು ನಕ್ಕುಬಿಟ್ಟರು. ಆ ಮಾತನ್ನು ನಾನು ಒಪ್ಪಲಾರೆ. ಕೆಲಸ ಮಾಡುವ ಮಾದರಿಯನ್ನು ಕಟ್ಟುವುದೂ ಇತಿಹಾಸವನ್ನು ಓದುವ ಒಂದು ರೀತಿ. ಪಠ್ಯಪುಸ್ತಕ ಓದುವುದಕ್ಕಿಂತ ಕಠಿಣವಾದ ರೀತಿ ಎಂದೇ ನನ್ನ ಅಭಿಪ್ರಾಯ.

ಮೊದಲು ಮೂಲಯಂತ್ರದ ಮಾತು. ಜಾನ್ ಫೌಲರ್ ಎಂಬಾತ ೧೮೨೬ರಲ್ಲಿ ಇಂಗ್ಲೆಂಡಿನ ವಿಲ್ಟ್‌ಷೈರ್ ಸೀಮೆಯಲ್ಲಿ ಹುಟ್ಟಿದವನು. ಕ್ಷಾಮದಿಂದ ಕಂಗೆಟ್ಟಿದ್ದ ಐರ್ಲೆಂಡಿಗೆ ಹೋಗಿದ್ದಾಗ, ನೀರು ನಿಂತು ಕೆಸರಾಗಿ ಬೆಳೆಗೆ ಬಾರದೆ ಬಿದ್ದಿದ್ದ ನೆಲವನ್ನು ಆತ ಕಂಡ. ನೆಲದಡಿಯಲ್ಲಿ ನೀರು ಬಸಿಯುವ ಕಾಲುವೆ ಕೊರೆಯುವ ನೇಗಿಲಿನಿಂದ ಆರಂಭಿಸಿ, ಕಡೆಗೆ ಉಗಿಯಿಂದ ಹೊಲ ಉಳುವುದಕ್ಕೆ ಬಂದ. ಇಂಗ್ಲೆಂಡಿನ ರಾಯಲ್ ಕೃಷಿ ಸಂಘ ಇಟ್ಟಿದ್ದ ೫೦೦ ಪೌಂಡುಗಳ ಬಹುಮಾನ ೧೮೫೮ರಲ್ಲಿ ಅವನಿಗೆ ದೊರೆಯಿತು. ಲೀಡ್ಸ್ ನಗರದಲ್ಲಿ ಕಾರ್ಖಾನೆ ತೆರೆದ. ಬೇಟೆಯಲ್ಲಿ ಕುದುರೆಯಿಂದ ಬಿದ್ದು ಕೈ ಮುರಿದು, ಧನುರ್ವಾಯು ತಗಲಿ ೧೮೬೪ರಲ್ಲಿ ತೀರಿಕೊಂಡಾಗ ಅವನಿಗೆ ೩೮ ವರ್ಷ. ಕುದುರೆಗಳನ್ನು ನೇಗಿಲಿನಿಂದ ಬಿಡಿಸಹೊರಟವನಿಗೆ ಕುದುರೆಯಿಂದಲೇ ಸಾವು ಬಂದದ್ದು ವಿಚಿತ್ರ.

ಇಪ್ಪತ್ತು ಟನ್ ಆಸುಪಾಸಿನ ಉಗಿಯಂತ್ರವನ್ನು ಹಸಿ ಹೊಲಕ್ಕೆ ಇಳಿಸಿದರೆ ಅದು ಹೂತುಹೋಗುತ್ತದೆ. ಹೂಳದಿದ್ದರೂ ಮಣ್ಣನ್ನು ತುಳಿದು ಗಟ್ಟಿಮಾಡುತ್ತದೆ. ಆದ್ದರಿಂದ ಹೊಲದ ಈ ಬದುವಿನಲ್ಲೊಂದು, ಆ ಬದುವಿನಲ್ಲೊಂದು ಯಂತ್ರ ನಿಲ್ಲಿಸುತ್ತಿದ್ದರು. ಪ್ರತಿಯೊಂದರ ಬಾಯ್ಲರಿನ ಹೊಟ್ಟೆಯ ಕೆಳಗೆ ಅಡ್ಡಡ್ಡಲಾಗಿ ಮಲಗಿಸಿದ ಒಂದು ದೊಡ್ಡ ಡ್ರಮ್ಮು, ಅದರ ಮೇಲೆ ಸುತ್ತಿದ ಉಕ್ಕಿನ ತಂತಿಹಗ್ಗ. ನಡುವೆ ನೇಗಿಲು. ಒಂದು ಯಂತ್ರ ಎಳೆಯುವಾಗ ಇನ್ನೊಂದು ಹಗ್ಗ ಬಿಟ್ಟುಕೊಡುತ್ತ, ಉತ್ತ ಅಗಲದಷ್ಟು ಮುಂದಕ್ಕೆ ಸರಿದು ಕಾದಿರುತ್ತದೆ. ನೇಗಿಲು ನಮ್ಮ ಏತದ ಹಾಗೆ: ಎರಡು ಕಡೆಯೂ ಗುಳಗಳು, ನಡುವೆ ಎರಡು ಗಾಲಿ. ಒಂದು ತುದಿ ಮಣ್ಣಿನಲ್ಲಿದ್ದಾಗ ಮತ್ತೊಂದು ತುದಿ ಆಕಾಶ ನೋಡುತ್ತಿರುತ್ತದೆ. ಬದು ಮುಟ್ಟಿದ ಮೇಲೆ ನೇಗಿಲನ್ನು ತಿರುಗಿಸುವುದೇ ಇಲ್ಲ. ಮೇಲಿದ್ದ ತುದಿಯನ್ನು ಕೆಳಗೆ ಬಗ್ಗಿಸಿ ಬಂದ ದಾರಿಗೇ ಹೊರಡಿಸುವುದು. ಹೊಲದ ನಡುವೆ ದಿಬ್ಬವಿದ್ದರೆ ಡ್ರೈವರುಗಳಿಗೆ ಒಬ್ಬರ ಮುಖ ಒಬ್ಬರಿಗೆ ಕಾಣದು; ಆಗ ಯಂತ್ರದ ಸಿಳ್ಳೇ ಮಾತು.

ಈಗ ಮಾದರಿ ಕಟ್ಟುವವನ ಪಾಡನ್ನು ನೋಡಿ. ಉಗಿರೈಲಿನ ಮಾದರಿ ಮಾಡುವವನಿಗೆ ಒಂದು ಯಂತ್ರ ಮುಗಿದರೆ ಕೆಲಸ ಮುಗಿಯಿತು. ಇಲ್ಲಿ ಒಂದು ಯಂತ್ರ ಅರ್ಧ ಕೆಲಸವೂ ಅಲ್ಲ. ಎರಡು ಬೇಕು, ಎರಡೂ ಒಂದೇ ಅಚ್ಚಿನವಲ್ಲ. ಒಂದು ಎಡಗೈಯದು, ಒಂದು ಬಲಗೈಯದು, ಜೋಡಿನ ಹಾಗೆ. ಇದರ ಮೇಲೆ ನೇಗಿಲು ಬೇಕು. ಆಳುಗಳು ಮಲಗುತ್ತಿದ್ದ ಗಾಡಿಯೂ ಬೇಕೆನ್ನುವವರುಂಟು. ಡ್ರಮ್ಮಿನ ಮೇಲೆ ಹಗ್ಗ ಎಲ್ಲೆಂದರಲ್ಲಿ ಸುತ್ತಿಕೊಂಡರೆ ಸುತ್ತಿನ ಮೇಲೆ ಸುತ್ತು ಹತ್ತಿ ನುಜ್ಜಾಗುತ್ತದೆ. ಅದನ್ನು ಸುತ್ತಿನ ಪಕ್ಕಕ್ಕೆ ಸುತ್ತಾಗಿ ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ ಹಾಸುವ ಗಾಲಿಗಳ ಏರ್ಪಾಟು ಮೂಲದಲ್ಲಿತ್ತು. ಮರಿಯಲ್ಲೂ ಅದು ನಡೆಯಬೇಕು. ಗಾಜಿನ ಪೆಟ್ಟಿಗೆಯಲ್ಲಿಡುವ ಮಾದರಿಯಲ್ಲಿ ಆ ಗಾಲಿಗಳನ್ನು ಅಂಟಿಸಿಬಿಟ್ಟರೂ ಯಾರೂ ಕೇಳುವವರಿಲ್ಲ.

ನಿಜವಾದ ತೊಡಕು ಇದಕ್ಕಿಂತ ಆಳದ್ದು. ಯಂತ್ರವನ್ನು ನಾಲ್ಕರಲ್ಲೊಂದು ಪಾಲಿಗೆ ಇಳಿಸಬಹುದು, ನಿಸರ್ಗವನ್ನು ಇಳಿಸಲಾಗುವುದಿಲ್ಲ. ಉದ್ದ ನಾಲ್ಕನೆಯ ಒಂದು ಪಾಲಾದರೆ ಬಾಯ್ಲರಿನ ಮೈ ಹದಿನಾರರಲ್ಲೊಂದು ಪಾಲು, ಅದು ಹಿಡಿಯುವ ನೀರು ಅರವತ್ತನಾಲ್ಕರಲ್ಲೊಂದು ಪಾಲು. ಇದ್ದ ಅಲ್ಪ ನೀರಿನ ಶಾಖವೆಲ್ಲ ಆ ಮೈಯಿಂದ ಬೇಗಬೇಗ ಹೊರಟುಹೋಗುತ್ತದೆ. ಇಪ್ಪತ್ತು ಟನ್ನಿನ ತೂಕ ಮೂರು ಕ್ವಿಂಟಲಿನಷ್ಟಕ್ಕೆ ಇಳಿಯುತ್ತದೆ. ಆದರೆ ಮಣ್ಣು? ಅದು ಅದೇ ಜಿಗುಟು ಮಣ್ಣು, ಹುಲ್ಲಿನ ಬೇರು ಅದೇ ಬೇರು, ಕಲ್ಲು ಅದೇ ಕಲ್ಲು. ದೊಡ್ಡ ಯಂತ್ರಕ್ಕೆ ಲೆಕ್ಕಕ್ಕೇ ಬಾರದ ಒಂದು ಹೆಂಟೆ ಮರಿಯಂತ್ರಕ್ಕೆ ಗುಡ್ಡವಾಗುತ್ತದೆ. ಬಾಯ್ಲರಿನ ಒಳಗಿನ ಹೊಗೆಕೊಳವೆಗಳನ್ನು ಮೂಲದ ಲೆಕ್ಕಕ್ಕೆ ಸರಿಯಾಗಿ ಸಣ್ಣದು ಮಾಡಿದರೆ ಮಸಿ ಕಟ್ಟಿ ಬೆಂಕಿಗೆ ಉಸಿರೇ ಆಡುವುದಿಲ್ಲ. ಆದ್ದರಿಂದ ಸಂಖ್ಯೆಯನ್ನು ಕಡಿಮೆ ಮಾಡಿ ಅಗಲವನ್ನು ಉಳಿಸಿಕೊಳ್ಳಬೇಕು. ಎಲ್ಲಿ ಮೂಲಕ್ಕೆ ನಿಷ್ಠನಾಗಿರಬೇಕು, ಎಲ್ಲಿ ಬಿಡಬೇಕು ಎಂದು ಹೆಜ್ಜೆಹೆಜ್ಜೆಗೆ ನಿರ್ಧರಿಸಬೇಕಾಗುತ್ತದೆ. ಹೀಗೆ ನಿರ್ಧರಿಸುವವನಿಗೆ, ಮೂಲವನ್ನು ಮಾಡಿದವರು ಪ್ರತಿಯೊಂದು ಭಾಗವನ್ನೂ ಏಕೆ ಹಾಗೆ ಮಾಡಿದರೆಂಬುದು ತಿಳಿದಿರಲೇಬೇಕಲ್ಲವೆ? ಭಾಷಾಂತರದ ತರಗತಿಯಲ್ಲಿ ನಮ್ಮ ಗುರುಗಳು ಹೇಳುವ ಕಷ್ಟವೂ ಇದೇ ಜಾತಿಯದು.

ಪರೀಕ್ಷೆಯೂ ಉಂಟು. ಹೊಸ ಬಾಯ್ಲರಿಗೆ ಮೊದಲು ತಣ್ಣೀರು ತುಂಬಿ, ಅದು ಮುಂದೆ ಹೊರಬೇಕಾದ ಒತ್ತಡದ ಎರಡರಷ್ಟು ಒತ್ತಡ ಕೊಟ್ಟು ನೋಡುತ್ತಾರೆ. ಅದರಲ್ಲಿ ತೇರ್ಗಡೆಯಾದ ಮೇಲಷ್ಟೇ ಬೆಂಕಿ. ಕೈಗಾರಿಕಾ ಕ್ರಾಂತಿಯ ಪರಿಣಾಮಗಳನ್ನು ನಾನು ಹತ್ತು ಅಂಕಗಳಿಗೆ ಬರೆದಿದ್ದೇನೆ. ಒಳ್ಳೆಯ ಅಂಕಗಳೇ ಬಂದವು. ಆ ಉತ್ತರದ ಮೇಲೆ ಯಾರೂ ಎರಡರಷ್ಟು ಒತ್ತಡ ಹಾಕಿ ನೋಡಲಿಲ್ಲ.

ಇದಕ್ಕೆ ಎರಡು ಆಕ್ಷೇಪಣೆಗಳನ್ನು ಕೇಳಿದ್ದೇನೆ. ಇದು ಹಣವೂ ಬಿಡುವೂ ಇದ್ದವರ ಕೆಲಸ ಎಂಬುದು ಒಂದು. ಅದು ದಿಟ, ಲೇತು ಬೇಕು, ತಾಮ್ರ ಬೇಕು, ಎಲ್ಲಕ್ಕಿಂತ ಹೆಚ್ಚಾಗಿ ವರ್ಷಗಳು ಬೇಕು. ದುಡಿಯುವವರ ಕೈಯಿಂದ ಕೆಲಸ ಕಿತ್ತುಕೊಂಡ ಯಂತ್ರಕ್ಕೆ ಪೂಜೆಯೇಕೆ ಎಂಬುದು ಇನ್ನೊಂದು. ಇದಕ್ಕೆ ನನ್ನಲ್ಲಿ ಉತ್ತರವಿದೆ. ಒಂಬತ್ತು ಅಂಗುಲದ ಸಾಲು ಹೊಡೆದು ಒಂದು ಎಕರೆ ಮುಗಿಸುವವನು ನೇಗಿಲ ಹಿಂದೆ ೧೧ ಮೈಲಿ ನಡೆಯಬೇಕು. ಗುಣಿಸಿ ನೋಡಿದರೆ ಯಾರಿಗಾದರೂ ಸಿಗುವ ಲೆಕ್ಕ. ಎತ್ತಿನ ನೇಗಿಲಿನ ಸಾಲು ಇನ್ನೂ ಕಿರಿದು. ನಮ್ಮ ತಂದೆಯವರ ಅಂಗಾಲನ್ನು ನೋಡಿದ ನನಗೆ, ಆ ನಡಿಗೆಯನ್ನು ತಪ್ಪಿಸಹೊರಟವನ ಮೇಲೆ ಸಿಟ್ಟು ಬರುವುದಿಲ್ಲ. ಅಲ್ಲದೆ ಆ ಯಂತ್ರಗಳ ಜೊತೆಗೂ ಮನುಷ್ಯರಿದ್ದರು. ಒಬ್ಬ ಮೇಸ್ತ್ರಿ, ಇಬ್ಬರು ಡ್ರೈವರುಗಳು, ನೇಗಿಲಿನ ಮೇಲೆ ಕೂರುವವನೊಬ್ಬ, ಅಡಿಗೆಗೊಬ್ಬ ಹುಡುಗ: ಇದು ಸಾಮಾನ್ಯವಾದ ತಂಡ. ಗಾಡಿಯಲ್ಲೇ ಮಲಗಿ ಊರಿಂದೂರಿಗೆ ಹೋಗುತ್ತಿದ್ದರು. ಮೊದಲನೆಯ ಮಹಾಯುದ್ಧದ ತರುವಾಯ ಅಗ್ಗದ ಟ್ರ್ಯಾಕ್ಟರು ಬಂದು ಅವರ ಅನ್ನವನ್ನೂ ಕಿತ್ತುಕೊಂಡಿತು. ಗಾಜಿನ ಪೆಟ್ಟಿಗೆಯ ಯಂತ್ರಕ್ಕೆ ಆ ಅಡಿಗೆಯ ಹುಡುಗ ಬೇಕಾಗುವುದಿಲ್ಲ. ಉಳುವ ಮರಿಗೆ ನೀರು ಹೊರುವವನು ಬೇಕು, ಹಗ್ಗ ನೋಡುವವನು ಬೇಕು. ಒಬ್ಬನಿಂದ ಆಗದ ಕೆಲಸವೆಂಬುದು ಅರ್ಧ ಗಂಟೆಯಲ್ಲಿ ಗೊತ್ತಾಗುತ್ತದೆ.

ಇಷ್ಟೆಲ್ಲ ನಾನೇಕೆ ಹೇಳುತ್ತಿದ್ದೇನೆಂದರೆ, ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲನೆಯವನು. ಊರಿಗೆ ಹೋದಾಗ ಬಾಚಿ ಮುಟ್ಟಿದರೆ, “ನೀನು ಓದಿದವನು, ಬಿಡಪ್ಪ” ಎನ್ನುತ್ತಾರೆ ಸೋದರಮಾವ. ಅವರು ಬಡಗಿ. ಮರದ ನೇಗಿಲನ್ನು ಅಳತೆಗೋಲಿಲ್ಲದೆ, ಕಣ್ಣಂದಾಜಿನಿಂದ, ಎತ್ತಿನ ಎತ್ತರವನ್ನೂ ಹೊಲದ ಮಣ್ಣನ್ನೂ ಕೇಳಿಕೊಂಡು ಕೆತ್ತುತ್ತಿದ್ದರು. ಈಗ ಕೇಳಿ ಬರುವವರಿಲ್ಲ. ಫೌಲರ್ ಕಂಪನಿಯ ದಾಖಲೆಗಳು ರೆಡಿಂಗ್ ನಗರದಲ್ಲಿರುವ ಇಂಗ್ಲಿಷ್ ಗ್ರಾಮಜೀವನದ ವಸ್ತುಸಂಗ್ರಹಾಲಯದಲ್ಲಿ ಭದ್ರವಾಗಿವೆ. ಅದು ಸಾಲದೆಂದು ಜನ ಲೇತಿನ ಮುಂದೆ ಕುಳಿತು ಮರಿಗಳನ್ನೂ ಕಟ್ಟುತ್ತಾರೆ. ಮಾವನ ನೇಗಿಲಿನ ನಕ್ಷೆ ಯಾವ ಕಾಗದದ ಮೇಲೂ ಇಲ್ಲ.

ಆದ್ದರಿಂದ ನಮ್ಮ ಇತಿಹಾಸ ಸಂಘಕ್ಕೆ ನನ್ನದೊಂದು ಬಿನ್ನಹ. ವರ್ಷಕ್ಕೆ ನಾಲ್ಕು ಭಾಷಣಗಳ ಬದಲು ಮೂರಾಗಲಿ. ಉಳಿದ ಹಣದಲ್ಲಿ ಒಂದು ನೇಗಿಲನ್ನು ನಾಲ್ಕರಲ್ಲೊಂದು ಪಾಲಿಗೆ ಮಾಡಿಸೋಣ. ಮಾಡಿಸುವಾಗ ವಿದ್ಯಾರ್ಥಿಗಳು ಪಕ್ಕದಲ್ಲಿ ಕುಳಿತು ಪ್ರತಿಯೊಂದು ಅಳತೆಯನ್ನೂ, ಅದಕ್ಕೆ ಬಡಗಿ ಕೊಡುವ ಕಾರಣವನ್ನೂ ಬರೆದುಕೊಳ್ಳಲಿ. ಮುಗಿದ ಮೇಲೆ ಅದನ್ನು ಬೀರುವಿನಲ್ಲಿಡದೆ, ಕಾಲೇಜಿನ ಹಿಂದಿನ ತೋಟದಲ್ಲಿ ಒಂದು ಮಳೆ ಬಿದ್ದ ಮೇಲೆ ಎಳೆದು ನೋಡಬೇಕು. ಮಾವನನ್ನು ಕೇಳಿದ್ದೇನೆ. ಕೂಲಿ ಬೇಡವಂತೆ, ಜಾಲಿಯ ಮರವನ್ನು ಮಾತ್ರ ತಾವೇ ಆರಿಸಬೇಕಂತೆ.